ಉಲ್ಲಾಸನಿಗೆ ಎಂತ ತರೂದು

ಕ್ರಿಸ್ಮಸ್ಸಿಗೆ ಇನ್ನೂ ನಾಲ್ಕು ವಾರ ಇರುವಾಗಲೇ ಎಮಿಲಿಗೆ ಆ ತಲೆಬಿಸಿ ಶುರುವಾಯಿತು. ಮಧ್ಯಾಹ್ನ ಗಿರಣಿ ನಿಲ್ಲಿಸಿ ಮಗನೊಬ್ಬನನ್ನು ಬಿಟ್ಟು ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಗಂಡನ ತಟ್ಟೆಗೆ ಸಾರು ಬಡಿಸುತ್ತ, ಯಾರ ಮುಖವನ್ನೂ ನೋಡದೆ, ಗೋಡೆಗೆ ಹೇಳಿದ ಹಾಗೆ ಕೇಳಿದಳು.

"ಈ ಸಲ ಉಲ್ಲಾಸನಿಗೆ ಎಂತ ತರೂದು?"

"ಹೋದ ವರ್ಷದ್ದನ್ನೇ ಮತ್ತೊಂದ್ಸಲ ಕಾಗದ ಸುತ್ತಿ ಕೊಡು," ಅಂದಳು ಮಗಳು ದಿವ್ಯಾ. "ಬಿಚ್ಚಿ ನೋಡಿದ್ರೆ ಅಲ್ಲನಾ ಅಣ್ಣಂಗೆ ಗೊತ್ತಾಗೂದು?"

"ಒಂದು ಹೆಣ್ಣು ತಂದ್ಕೊಡು," ಅಂದಳು ಅತ್ತೆ ಚೌಡಮ್ಮ, ಹಲ್ಲಿಲ್ಲದ ಬಾಯಲ್ಲಿ ಅನ್ನ ಅರೆಯುತ್ತ. "ಆವಾಗ ನೋಡು, ತನ್ನಷ್ಟಕ್ಕೇ ಹೊರಗೆ ಬತ್ತ."

"ಯಾವ ಹೆಣ್ಣು ಬಂದು ಅವನ ಬಾಗ್ಲಲ್ಲಿ ಕಾವಲು ಕೂರ್ತದೆ ಅಜ್ಜೀ? ಅದ್ಕೆ ನಾವು ನಾಲ್ಕು ಜನ ಸಾಲೂದಿಲ್ಲನಾ?"

ಕಾವಲು ಎಂಬ ಮಾತು ಬಿದ್ದದ್ದೇ ತಡ, ಗಂಡ ಸುಭಾಷ ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಟ್ಟ. ಅರ್ಧ ಅನ್ನ ನೀರಿನಲ್ಲಿ ತೇಲಿತು. ಎಮಿಲಿ ಮಗಳನ್ನು ದುರುಗುಟ್ಟಿ ನೋಡಿ, ಇನ್ನೊಂದು ತಟ್ಟೆಗೆ ಅನ್ನ, ಸಾರು, ಹುರಿದ ಬಂಗಡೆಯ ನಡುತುಂಡು ಬಡಿಸಿಕೊಂಡು ಹಿಂದಿನ ಕೋಣೆಗೆ ಹೋದಳು. ಬಾಗಿಲು ಎಂದಿನಂತೆ ಅರ್ಧ ತೆರೆದಿತ್ತು. ಇಪ್ಪತ್ಮೂರು ವರ್ಷದ ಮಗ ಉಲ್ಲಾಸ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದ. ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಅವನು ತಿರುಗಲಿಲ್ಲ.

ಶಿರಸಿಯ ಆ ಓಣಿಯಲ್ಲಿ ಸುಭಾಷನ ಹಿಟ್ಟಿನ ಗಿರಣಿ ಯಾರಿಗೆ ಗೊತ್ತಿಲ್ಲ! ರಸ್ತೆಗೆ ಗಿರಣಿ, ಅದರ ಬೆನ್ನಿಗೆ ಮನೆ. ಸುಭಾಷ ಸಿದ್ದಾಪುರದ ಕಡೆ ಮನ್ಮನೆಯ ರೈತರ ಮನೆಯವನು. ಎಮಿಲಿ ಯಲ್ಲಾಪುರದ ಕ್ರಿಶ್ಚಿಯನ್ನರ ಹುಡುಗಿ. ಮೆಚ್ಚಿ ಮದುವೆಯಾಗಿ ಇಪ್ಪತ್ತಾರು ವರ್ಷ. ಆಗ ಚೌಡಮ್ಮ ಆರು ತಿಂಗಳು ಮಾತು ಬಿಟ್ಟಿದ್ದಳು. ಏಳನೇ ತಿಂಗಳು ತಾನೇ ಚೀಲ ಹಿಡಿದು ಬಂದು ಸೊಸೆಯ ಎದುರು ಕೂತು ಒಂದು ಕರಾರು ಹಾಕಿದಳು: "ವರ್ಷಪೂರ್ತಿ ನಮ್ಮ ಹಬ್ಬ ಮಾಡು. ನಿನ್ನ ಆ ಒಂದು ಹಬ್ಬದ ದಿನ ಮನೆ ನಿಂದು. ನಾ ಅಡ್ಡ ಬರೂದಿಲ್ಲೆ." ಎಮಿಲಿ ಒಪ್ಪಿದಳು. ಅಂದಿನಿಂದ ದೀಪಾವಳಿಗೆ ಎಮಿಲಿ ಹೋಳಿಗೆ ತಟ್ಟುತ್ತಾಳೆ, ಕ್ರಿಸ್ಮಸ್ಸಿಗೆ ಚೌಡಮ್ಮ ಕುಕ್ಕರುಗಾಲಲ್ಲಿ ಕೂತು ನೇವ್ರಿ ಕರಿಗಡುಬಿಗೆ ಕಾಯಿ ತುರಿಯುತ್ತಾಳೆ. ಅಷ್ಟೇ ಅಲ್ಲ, ಹಬ್ಬದ ಬೆಳಿಗ್ಗೆ ಸೊಸೆಯ ಜತೆ ಇಗರ್ಜಿಗೂ ಹೋಗುತ್ತಾಳೆ. ಗೋದಲಿಯ ಹುಲ್ಲಲ್ಲಿ ಮಲಗಿದ ಯೇಸು ಕೂಸನ್ನು ನೋಡುವುದೆಂದರೆ ಮುದುಕಿಗೆ ಇಷ್ಟ. "ಸುತ್ತ ದನ-ಕರ ಇಟ್ಕಂಡ ದೇವ್ರು, ನಮ್ಮ ಪೈಕಿನೇ" ಅನ್ನುತ್ತಾಳೆ. ಮನೆಗೆ ಬಂದ ಹೊಸ ಸಾಮಾನು ಏನೇ ಇರಲಿ, ಮೊದಲು ತನ್ನ ದೇವರ ಮುಂದೆ ಹೋಗಬೇಕು, ಕುಂಕುಮ ಬೀಳಬೇಕು ಎಂಬುದೊಂದೇ ಅವಳ ಹಟ. ಹೀಗಾಗಿ ಮಿನುಗುವ ಕಾಗದ ಸುತ್ತಿದ ಕ್ರಿಸ್ಮಸ್ಸಿನ ಪೊಟ್ಟಣಗಳು ಆ ಮನೆಯಲ್ಲಿ ಕುಂಕುಮ ಹಚ್ಚಿಕೊಂಡೇ ಕೈಗೆ ಬರುವುದು.

ಉಲ್ಲಾಸ ಹುಬ್ಬಳ್ಳಿಯಲ್ಲಿ ಫಾರ್ಮಸಿ ಓದುತ್ತಿದ್ದವನು ಮೂರನೇ ವರ್ಷ ಅರ್ಧಕ್ಕೆ ಬಿಟ್ಟು ಬಂದ. ಯಾಕೆ ಅಂದರೆ "ಆಗೂದಿಲ್ಲ" ಅಂದ. ಅದರ ಮೇಲೆ ಏನು ಕೇಳಿದರೂ ಅದೇ ಉತ್ತರ. ಆ ವರ್ಷದ ಕ್ರಿಸ್ಮಸ್ಸಿಗೆ ಎಮಿಲಿ ಬಿಳಿ ಅಂಗಿ ತಂದಳು, ಎಲ್ಲಾದರೂ ಕೆಲಸ ಕೇಳಲು ಹೋಗುವಾಗ ಹಾಕಿಕೊಳ್ಳಲಿ ಎಂದು. ಮರುವರ್ಷ ಓಟದ ಶೂ ತಂದಳು, ಬೆಳಿಗ್ಗೆ ಹೊರಗೆ ನಾಲ್ಕು ಹೆಜ್ಜೆ ತಿರುಗಾಡಲಿ ಎಂದು. ಎರಡೂ ಕಪಾಟಿನ ಮೇಲೆ ಕಾಗದ ಸಮೇತ ಕೂತಿವೆ. ಡಾಕ್ಟರಿಗೂ ತೋರಿಸಿದರು. ಮಾತ್ರೆ ಕೊಟ್ಟರು, ನಿಧಾನಕ್ಕೆ ಸರಿಹೋಗುತ್ತಾನೆ, ಮಾತಾಡಿಸಿ ಅಂದರು. ಮಾತ್ರೆ ತಿಂದು ಒಂದಿಷ್ಟು ಸುಧಾರಿಸಿದ್ದೂ ಹೌದು. ಸಂಜೆ ಗಿರಣಿಗೆ ಬಂದು ಹಿಟ್ಟು ಜರಡಿ ಹಿಡಿಯುವಷ್ಟು, ತಂಗಿಯ ಜತೆ ಕೇರಂ ಆಡಿ ಅವಳ ಕಳ್ಳಾಟ ಹಿಡಿದು ನಗುವಷ್ಟು.

ಹಾಳಾದದ್ದು ಕಳೆದ ಜುಲೈಯಲ್ಲಿ. ಅವತ್ತು ಭಾನುವಾರ, ಗಿರಣಿಗೆ ರಜೆ. ಬೆಳಿಗ್ಗೆ ಹತ್ತಾದರೂ ಉಲ್ಲಾಸ ಏಳಲಿಲ್ಲ. ಎಮಿಲಿ ಕರೆದಳು, ಬಾಗಿಲು ತಟ್ಟಿದಳು. ಒಳಗಿನಿಂದ ಚಿಲಕ ಹಾಕಿತ್ತು. ಸುಭಾಷ ಬಂದು ಗುದ್ದಿದ. ದಿವ್ಯಾ ಅಳಲು ಶುರುಮಾಡಿದಳು, ಚೌಡಮ್ಮ ಎದೆ ಬಡಿದುಕೊಂಡಳು, ಅಕ್ಕಪಕ್ಕದವರು ಓಡಿ ಬಂದರು. ಸುಭಾಷ ಗಿರಣಿಯಿಂದ ಹಾರೆ ತಂದು ಬಾಗಿಲು ಮೀಟಿದ. ಚೌಕಟ್ಟು ಸೀಳಿ, ಚಿಲಕ ಕಿತ್ತು, ಬಾಗಿಲು ಹಾರುಹೊಡೆಯಿತು. ಮಂಚದ ಮೇಲೆ ಉಲ್ಲಾಸ ಬರೀ ಚಡ್ಡಿಯಲ್ಲಿ ದಡಬಡಿಸಿ ಎದ್ದು ಕೂತ. ಕಿವಿಯಲ್ಲಿ ಎರಡು ಉಂಡೆ ಹತ್ತಿ.

ಗಿರಣಿಯ ಮನೆಯವರು ಯಾರು ತಾನೇ ಹತ್ತಿ ಇಟ್ಟುಕೊಳ್ಳದೆ ಮಲಗುತ್ತಾರೆ? ಬೆಳಿಗ್ಗೆ ಆರಕ್ಕೇ ಮಶೀನು ಶುರುವಾಗುವ ಮನೆ ಅದು. ಸುಭಾಷನ ಕಿವಿಯಲ್ಲೂ ಹತ್ತಿ, ಎಮಿಲಿಯ ಕಿವಿಯಲ್ಲೂ ಹತ್ತಿ, ದಿವ್ಯಾಳದ್ದು ಬಣ್ಣದ್ದು. ಅಂದು ಮಾತ್ರ ಒಬ್ಬರಿಗೂ ಅದು ನೆನಪಾಗಲಿಲ್ಲ. ನಾಲ್ಕು ದಿನ ನಿದ್ದೆಗೆಟ್ಟ ಹುಡುಗ ಅವತ್ತು ಸತ್ತವನಂತೆ ಮಲಗಿದ್ದ, ಅಷ್ಟೇ. ಓಣಿಯ ಇಪ್ಪತ್ತು ಜನ ಬಾಗಿಲಲ್ಲಿ ನಿಂತು ಅವನನ್ನು ನೋಡಿದರು. ಯಾರೋ "ಪುಣ್ಯ, ಜೀವ ಉಂಟು" ಅಂದರು. ಉಲ್ಲಾಸ ಹೊದಿಕೆ ಎಳೆದುಕೊಂಡು ಮುಖ ಮುಚ್ಚಿದ.

ಆ ಹೊತ್ತಿನಿಂದ ಅವನು ಅಪ್ಪನ ಜತೆ ಮಾತು ಬಿಟ್ಟ. ಸುಭಾಷ ಚಿಲಕ ಮತ್ತೆ ಹಾಕಲಿಲ್ಲ. ಬಾಗಿಲು ಅರ್ಧ ತೆರೆದೇ ಇರಬೇಕು ಎಂದ. ಅದರ ಮೇಲೆ ಇನ್ನೊಂದು ಕಟ್ಟಳೆ: ಮನೆಯಲ್ಲಿ ಯಾವಾಗಲೂ ಒಬ್ಬರಾದರೂ ಇರಬೇಕು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಗಿರಣಿಗೆ ಪಾಳಿ ಇದ್ದ ಹಾಗೆ ಮಗನಿಗೂ ಪಾಳಿ ಶುರುವಾಯಿತು. ಮದುವೆಗೆ ಸುಭಾಷ ಒಬ್ಬನೇ ಹೋದ, ಗೃಹಪ್ರವೇಶಕ್ಕೆ ಎಮಿಲಿ ಒಬ್ಬಳೇ. ಚೌಡಮ್ಮ ಮನ್ಮನೆಗೆ ಹೋಗದೆ ಐದು ತಿಂಗಳಾಯಿತು. ಭಾನುವಾರ ಇಗರ್ಜಿಯ ಪೂಜೆಗೆ ಎಮಿಲಿ ಹೋದರೂ ಅರ್ಧಕ್ಕೇ ಎದ್ದು ಬರುತ್ತಿದ್ದಳು. ಯಾರೇ ಕೋಣೆಯ ಮುಂದೆ ಹಾದರೂ ಒಂದು ಕ್ಷಣ ಇಣುಕಿ, ಹೊದಿಕೆ ಏರಿಳಿಯುವುದು ಕಂಡ ಮೇಲೆಯೇ ಮುಂದೆ ಹೋಗುತ್ತಿದ್ದರು.

ಡಿಸೆಂಬರ್ ಮೊದಲ ವಾರ ಸುಭಾಷ ಗಿರಣಿಯ ಒಂದು ಮೂಲೆ ಖಾಲಿ ಮಾಡಿದ. ಗೋಣಿಚೀಲಗಳನ್ನು ಎತ್ತಿ, ಗೋಡೆಗೆ ಸುಣ್ಣ ಹೊಡೆದು, ಒಂದು ಮೇಜು ತಂದು ಹಾಕಿದ. ಎರಡು ದಿನ ಬಿಟ್ಟು ಟೆಂಪೋದಲ್ಲಿ ಒಂದು ಹಳೇ ಝೆರಾಕ್ಸ್ ಮಶೀನು ಬಂದು ಇಳಿಯಿತು. ಅದರ ಮೇಲೆ ಗೋಣಿ ಹೊದೆಸಿ ಹೆಂಡತಿಯ ಹತ್ತಿರ ಬಂದು ಪಿಸುಗುಟ್ಟಿದ.

"ಗಿಫ್ಟು ಗಿಫ್ಟು ಹೇಳಿ ಬಡ್ಕಂತಿದ್ಯಲ. ಇದೇ ಗಿಫ್ಟು. ಕಾಲೇಜು ಹತ್ರ, ಕೋರ್ಟು ಹತ್ರ. ಜನ ಬತ್ತಾರೆ. ಅಲ್ಲಿ ಕೂತ್ರೆ ಆಯ್ತು."

"ಅವ ಜನ ನೋಡಿದ್ರೆ ಗೋಡೆ ಕಡೆ ತಿರುಗ್ತಾನೆ. ನೀವು ರಸ್ತೆಗೇ ಕೂರಿಸ್ತೆ ಅಂತೀರಿ."

"ನನ್ನ ಕಣ್ಣೆದುರು ಇರ್ತಾನಲೆ ಮಾರಾಯ್ತಿ!"

ಬಾಯಿ ತಪ್ಪಿ ಬಂದ ಆ ಮಾತಿಗೆ ಸುಭಾಷ ತಾನೇ ಪೆಚ್ಚಾದ. ಗೋಣಿಯನ್ನು ಇನ್ನಷ್ಟು ಎಳೆದು ಸರಿಮಾಡಿದ. ಕಾಲೇಜಿನಿಂದ ಬಂದ ದಿವ್ಯಾ ಚಪ್ಪಲಿ ಬಿಡುತ್ತಲೇ ಗೋಣಿ ಎತ್ತಿ ನೋಡಿ, "ಓಹೋ, ಕಾವಲಿಗೆ ಮಶೀನೂ ಬಂತು" ಅಂದಳು. ಸುಭಾಷ ಕೈ ಎತ್ತಿದ, ಹೊಡೆಯಲಿಲ್ಲ. ಬೆಳೆದ ಮಗಳ ಮೇಲೆ ಕೈ ಎತ್ತಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಎಮಿಲಿ ಪೇಟೆಯೆಲ್ಲ ಸುತ್ತಿದಳು. ಬಟ್ಟೆ ಅಂಗಡಿಯಲ್ಲಿ ಸ್ವೆಟರು ಮುಟ್ಟಿ ನೋಡಿ ಬಿಟ್ಟಳು. ಮೊಬೈಲ್ ಅಂಗಡಿಯ ಹುಡುಗಿ ಕೇಳಿದಳು, "ಆಂಟೀ, ನಿಮ್ಮ ಮಗಂಗೆ ಎಂತ ಇಷ್ಟ?" ಎಮಿಲಿ ಬಾಯಿ ತೆರೆದಳು. ತಾನು ಹೊಟ್ಟೆಯಲ್ಲಿ ಹೊತ್ತ, ಹಾಲು ಕುಡಿಸಿದ ಮಗ, ಬಂಗಡೆಯ ನಡುತುಂಡೇ ಬೇಕೆಂದು ಹಟ ಮಾಡಿದವನು. ಈಗ ಅವನಿಗೆ ಏನು ಇಷ್ಟ ಎಂದು ಗೊತ್ತಿಲ್ಲ. ಅವಳಿಗೆ ಅಂಗಡಿಯಲ್ಲೇ ಅಳು ಬಂತು. ಬಿಸಿಲಿಗೆ ತಂದ ಕೊಡೆಯನ್ನು ಅಲ್ಲೇ ಮರೆತು ಮನೆಗೆ ಬಂದಳು.

ಮರುದಿನ ತಟ್ಟೆ ಒಯ್ದವಳು ವಾಪಸ್ ಬರಲಿಲ್ಲ. ಮೇಜಿನ ಮೇಲೆ ತಟ್ಟೆಯಿಟ್ಟು ಮಂಚದ ತುದಿಯಲ್ಲಿ ಕೂತಳು.

"ಉಲ್ಲೂ."

ಹೊದಿಕೆಯ ಸುಕ್ಕನ್ನು ಕೈಯಲ್ಲಿ ಸವರಿದಳು.

"ಹಬ್ಬಕ್ಕೆ ನಿಂಗೆ ಎಂತ ತರೂದು ಹೇಳಿ ನಂಗೆ ಗೊತ್ತಾಗೂದಿಲ್ಲ ಮಗಾ. ನಂಗೆ ನಾಚಿಕೆ ಆಗ್ತದೆ ಹೇಳೂಕೆ. ನೀನೇ ಹೇಳು. ಏನಾದ್ರೂ ಹೇಳು, ತರ್ತೆ."

ಹೊರಗೆ ಮಶೀನು ಗಡಗಡ ಅನ್ನುತ್ತಿತ್ತು. ಉಲ್ಲಾಸ ಗೋಡೆ ನೋಡುತ್ತಲೇ ಕೇಳಿದ.

"ಏನಾದ್ರೂ ತರ್ತ್ಯಾ?"

"ತರ್ತೆ. ಆಣೆಗೂ."

"ಚಿಲಕ."

ಎಮಿಲಿಗೆ ಮೊದಲು ಅರ್ಥವಾಗಲಿಲ್ಲ.

"ಬಾಗ್ಲಿಗೆ, ಒಳಗಿಂದ ಹಾಕೂ ಚಿಲಕ," ಅಂದ ಉಲ್ಲಾಸ. "ಅದು ಬಿಟ್ಟು ಬೇರೆ ಎಂತದೂ ಬ್ಯಾಡ."

"ಎಂತಕ್ಕೆ?" ಎಂದು ಕೇಳಬೇಕೆಂದಿದ್ದಳು, ಧೈರ್ಯ ಸಾಲಲಿಲ್ಲ. ಅವಳು ಕೇಳದೆ ಉಳಿದದ್ದು ಅವನಿಗೆ ಕೇಳಿಸಿತು ಅಂತ ಕಾಣುತ್ತದೆ. ಹೊದಿಕೆ ತಲೆಯ ಮೇಲೆ ಎಳೆದುಕೊಂಡ.

ಎರಡು ದಿನ ಅವಳು ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಡುಗೆ ಮಾಡಿದಳು. ಸಾರಿಗೆ ಉಪ್ಪು ಎರಡು ಸಲ ಬಿತ್ತು. ಕೊಡದಿದ್ದರೆ ಅವನು ಇನ್ನು ಬಾಯಿಯೇ ಬಿಡಲಿಕ್ಕಿಲ್ಲ. ಕೊಟ್ಟು, ಏನಾದರೂ ಆದರೆ? ಮಗನನ್ನು ಕಳೆದುಕೊಳ್ಳಲು ಇದ್ದ ಎರಡೂ ದಾರಿ ಅವಳ ಕೈಯಿಂದಲೇ ಹಾದು ಹೋಗುತ್ತಿದ್ದವು. ಮೂರನೇ ದಿನ ತಡೆಯಲಾರದೆ ಗಿರಣಿಗೆ ಹೋಗಿ ಗಂಡನಿಗೆ ಹೇಳಿದಳು. ಸುಭಾಷ ಯಾರದೋ ರಾಗಿ ಬೀಸುತ್ತಿದ್ದ. ಹುಬ್ಬು, ಮೀಸೆ, ಕಣ್ಣರೆಪ್ಪೆಯ ಮೇಲೆಲ್ಲ ಹಿಟ್ಟು. ಮಶೀನು ನಿಲ್ಲಿಸಿ ಮತ್ತೊಮ್ಮೆ ಹೇಳಿಸಿಕೊಂಡ.

"ನಿಂಗೆ ತಲೆ ಸಮ ಇದ್ಯನಾ?"

"ಅವ ಎರಡು ವರ್ಷದಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ."

"ವಿಷ ಕೇಳಿದ್ರೂ ತಂದ್ಕೊಡ್ತ್ಯಾ?"

"ಹಂಗೆಲ್ಲ ಮಾತಾಡ್ಬೇಡಿ!"

"ಮತ್ತೆ ಹೆಂಗೆ ಮಾತಾಡೂದು? ಅವತ್ತು ಹಾರೆ ಹಿಡಿದದ್ದು ನೀನಲ್ಲ, ನಾನು. ಬಾಗ್ಲು ಒಡೆಯೂವಾಗ ಒಳಗೆ ಎಂತ ಕಾಣ್ತದೆ ಹೇಳಿ ನಂಗೆ ಗೊತ್ತಿತ್ತನಾ? ಈ ಕೈ ಇವತ್ತಿಗೂ ನಡುಗ್ತದೆ, ನೋಡು." ಹಿಟ್ಟು ಮೆತ್ತಿದ ಕೈಯನ್ನು ಅವಳ ಮುಖಕ್ಕೆ ಹಿಡಿದ. "ನಾ ಬದುಕಿದ್ದಷ್ಟು ದಿನ ಆ ಬಾಗ್ಲಿಗೆ ಚಿಲಕ ಬೀಳೂದಿಲ್ಲೆ."

ಎಮಿಲಿ ಗಂಡನ ಕೈ ಹಿಡಿದುಕೊಂಡಳು. ಅವನು ಕಿತ್ತುಕೊಂಡು ಮಶೀನು ಶುರುಮಾಡಿದ. ಅದರ ಸದ್ದಿನಲ್ಲಿ ಇನ್ನೇನು ಹೇಳಿದರೂ ಕೇಳುವಂತಿರಲಿಲ್ಲ.

ಅಡುಗೆಮನೆಯಲ್ಲಿ ಚೌಡಮ್ಮ ಎಲ್ಲ ಕೇಳಿಸಿಕೊಂಡವಳ ಹಾಗೆ ಕೂತಿದ್ದಳು. "ಹಗಲು ಹೊತ್ತು ಬಾಗ್ಲು ಹಾಕೂದು ಮೂರೇ ಜನ ಎಮ್ಲಿ. ಮದುಮಕ್ಕಳು, ಬಾಣಂತಿ, ಸಾವಿನ ಮನೆಯವ್ರು. ನಿನ್ನ ಮಗ ಯಾರಾದ?"

"ನಾನಿಲ್ವನಾ ಅಜ್ಜೀ?" ಎಂದು ದಿವ್ಯಾ ಒಳಗಿನಿಂದ ಕೂಗಿದಳು. "ನಾ ಹಗಲೂ ಹಾಕ್ತೆ, ಓದೂವಾಗಲೂ ಹಾಕ್ತೆ. ನನ್ನ ಬಾಗ್ಲಿಗೆ ಚಿಲಕ ಉಂಟು, ಅಣ್ಣಂದಕ್ಕೆ ಇಲ್ಲೆ. ಡಾಕ್ಟ್ರು ಮಾತಾಡ್ಸಿ ಅಂದದ್ದು. ಕಾವಲು ಕೂರಿ ಅಂದದ್ದಲ್ಲ."

ಶನಿವಾರ ಕರೆಂಟು ಇರಲಿಲ್ಲ, ಗಿರಣಿ ಬಂದ್. ಸುಭಾಷ ಮನೆಯಲ್ಲೇ ಇದ್ದ, ಪಾಳಿ ಅವನದ್ದು. ಎಮಿಲಿ ಚೀಲ ಹಿಡಿದು ಮೈದಾ ತರುವ ನೆಪ ಹೇಳಿ ಹೊರಟವಳು ನೇರ ಚನ್ನಯ್ಯನ ಹಾರ್ಡ್‌ವೇರ್ ಅಂಗಡಿಗೆ ಹೋದಳು. ಹೋದ ಮೇಲೆ ನೆನಪಾಯಿತು: ಶನಿವಾರ ಕಬ್ಬಿಣ ತಂದರೆ ಅತ್ತೆ ಮನೆಯೊಳಗೆ ಸೇರಿಸುವುದಿಲ್ಲ. ತಂದದ್ದು ಗೊತ್ತಾದರೆ ತಾನೇ?

"ಯಾವ ಬಾಗ್ಲಿಗೆ ಅಕ್ಕಾ?" ಅಂದ ಚನ್ನಯ್ಯ. "ಬಚ್ಚಲಿಗಾದ್ರೆ ಇದು ಸಾಕು. ಮಾಳಿಗೆಗೆ ಇದು."

"ಕೋಣೆಗೆ."

"ಒಳಗನಾ, ಹೊರಗನಾ?"

"ಒಳಗೆ."

"ಗಟ್ಟಿದು ಬೇಕನಾ? ಇದು ನೋಡಿ, ಆನೆ ಗುದ್ದಿದ್ರೂ ಕೀಳೂದಿಲ್ಲ."

ಎಮಿಲಿ ಗಾಬರಿಯಾಗಿ ಅದನ್ನು ಆಚೆ ಸರಿಸಿದಳು. "ಬ್ಯಾಡ ಬ್ಯಾಡ. ಗುದ್ದಿದ್ರೆ ಕೀಳೂವಂಥದ್ದು ಕೊಡಿ."

ಚನ್ನಯ್ಯನ ಮೂವತ್ತು ವರ್ಷದ ವ್ಯಾಪಾರದಲ್ಲಿ ಕೀಳುವ ಚಿಲಕ ಕೇಳಿದ ಗಿರಾಕಿ ಇವಳೊಬ್ಬಳೇ. ಆದರೂ ಜುಲೈಯಲ್ಲಿ ಬಾಗಿಲಲ್ಲಿ ನಿಂತ ಇಪ್ಪತ್ತು ಜನರಲ್ಲಿ ಅವನೂ ಒಬ್ಬ. ಮರುಮಾತಿಲ್ಲದೆ ತೆಳ್ಳಗಿನದೊಂದು ತೆಗೆದು, ಸ್ಕ್ರೂ ಎಣಿಸಿ ಕಾಗದದಲ್ಲಿ ಕಟ್ಟಿ ಕೊಟ್ಟ. ಮನೆಗೆ ಬಂದು ಎಮಿಲಿ ಅದನ್ನು ಮೈದಾ ಡಬ್ಬಿಯೊಳಗೆ ಹುದುಗಿಸಿಟ್ಟಳು. ಕೊಡುತ್ತೇನೋ ಇಲ್ಲವೋ ಎಂದು ಇನ್ನೂ ತೀರ್ಮಾನ ಮಾಡಿರಲಿಲ್ಲ.

ಅದರ ಮುಂದಿನ ವಾರವೆಲ್ಲ ತಿಂಡಿಯ ಗಡಿಬಿಡಿ. ನೇವ್ರಿ, ಕುಲ್‌ಕುಲ್, ಚಕ್ಕುಲಿ. ಮೈದಾ ಬೇಕಾದಾಗಲೆಲ್ಲ ಎಮಿಲಿ ತಾನೇ ಎದ್ದು ತೆಗೆದುಕೊಡುತ್ತಿದ್ದಳು, ಅತ್ತೆಯ ಕೈ ಡಬ್ಬಿಗೆ ಹೋಗದ ಹಾಗೆ. ಎಣ್ಣೆಯ ಮುಂದೆ ಕೂತು ಚೌಡಮ್ಮ ಒಮ್ಮೆ ಅಂದಳು, "ಈ ಸಲ ಇಗರ್ಜಿಗೆ ಯಾರು ಹೋಗೂದು, ಯಾರು ಉಳಿಯೂದು?"

"ನೀವು, ಇವ್ರು, ದಿವ್ಯಾ ಹೋಗ್ಬನ್ನಿ. ನಾ ಉಳೀತೆ."

"ಹಬ್ಬ ನಿಂದು, ಉಳಿಯೂದೂ ನೀನೇ?"

ಎಮಿಲಿ ಸಟ್ಟುಗ ಹಿಡಿದು ಎಣ್ಣೆಯ ಕಡೆ ಬಗ್ಗಿದಳು. ನೇವ್ರಿಯೊಂದು ಎಣ್ಣೆಯಲ್ಲಿ ಒಡೆದು ಒಳಗಿನ ಕಾಯಿಸುಳಿ ಕರಕಲಾಯಿತು. ಇಪ್ಪತ್ನಾಲ್ಕನೇ ತಾರೀಕು ಮಧ್ಯಾಹ್ನ, ಮನೆಯವರೆಲ್ಲ ಅವರವರ ಕೆಲಸದಲ್ಲಿದ್ದಾಗ, ಅವಳು ಡಬ್ಬಿಯಿಂದ ಆ ಕಟ್ಟನ್ನು ತೆಗೆದು ಹಿಟ್ಟು ಒರೆಸಿ, ನೀಲಿ ಕಾಗದ ಸುತ್ತಿ, ಮೇಲೆ ಉಲ್ಲಾಸನ ಹೆಸರು ಬರೆದಳು. ಬೆಳಿಗ್ಗೆ ಎಲ್ಲರೂ ಇಗರ್ಜಿಗೆ ಹೋದ ಮೇಲೆ ಅವನ ಕೈಗೆ ಗುಟ್ಟಾಗಿ ಕೊಡುವುದು, ಸುಭಾಷನನ್ನು ಆಮೇಲೆ ನೋಡಿಕೊಳ್ಳುವುದು ಎಂದು ಲೆಕ್ಕ ಹಾಕಿದಳು. ಸೀರೆಗಳ ನಡುವೆ ಬಚ್ಚಿಟ್ಟಳು.

ಅವಳ ಲೆಕ್ಕದಲ್ಲಿ ಅತ್ತೆ ಇರಲಿಲ್ಲ. ಹಬ್ಬದ ಬೆಳಿಗ್ಗೆ ಎಮಿಲಿ ಸ್ನಾನಕ್ಕೆ ಹೋದಾಗ ಚೌಡಮ್ಮ ಪೊಟ್ಟಣಗಳನ್ನು ಒಟ್ಟುಮಾಡಿದಳು. ಉಲ್ಲಾಸನದ್ದು ಕಾಣಲಿಲ್ಲ. ಮೊಮ್ಮಗನಿಗೇ ಇಲ್ಲವೆಂದರೆ ಹೇಗೆ ಎಂದು ಕಪಾಟು ಹುಡುಕಿ, ಸೀರೆಯ ನಡುವಿನಿಂದ ನೀಲಿ ಪೊಟ್ಟಣ ತೆಗೆದು, ಅದನ್ನೂ ದೇವರ ಮುಂದೆ ಇಟ್ಟಳು. ಇಡುವಾಗ ಒಳಗೆ ಕಬ್ಬಿಣ ಸದ್ದು ಮಾಡಿತು. ಕಬ್ಬಿಣವಾದರೆ ಎಣ್ಣೆ ಸವರಿಯೇ ದೇವರ ಮುಂದೆ ಇಡಬೇಕು. ಮುದುಕಿ ಕಾಗದ ಬಿಚ್ಚಿದಳು.

ಎಮಿಲಿ ತಲೆಗೆ ಟವೆಲು ಸುತ್ತಿಕೊಂಡು ಬಂದಾಗ ಚಿಲಕ ಎಣ್ಣೆ, ಕುಂಕುಮ ಹಚ್ಚಿಕೊಂಡು ದೇವರ ಮುಂದೆ ಕೂತಿತ್ತು. ಸುಭಾಷ ಅದನ್ನೇ ನೋಡುತ್ತ ನಿಂತಿದ್ದ.

"ಕದ್ದು ತಂದ್ಯಾ?" ಅಂದ. ದನಿ ಎತ್ತರಿಸಲಿಲ್ಲ, ಅದಕ್ಕೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. "ನಾ ಬ್ಯಾಡ ಅಂದ ಮೇಲೂ?"

"ಕೊಡ್ತೆ ಹೇಳಿ ಅವಂಗೆ ಆಣೆ ಮಾಡಿದ್ದೆ."

"ನಾಳೆ ಆ ಬಾಗ್ಲು ನಾನೇ ಒಡೀಬೇಕಲೆ! ಆವಾಗ ನಿನ್ನ ಆಣೆ ಬಂದು ಹಾರೆ ಹಿಡೀತದ್ಯಾ?" ಸುಭಾಷ ಚಿಲಕ ಎತ್ತಿ ಅಂಗಳಕ್ಕೆ ಎಸೆಯಲು ಕೈ ಬೀಸಿದ.

"ಅಪ್ಪ."

ಉಲ್ಲಾಸ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಗಡ್ಡ ಬೆಳೆದಿತ್ತು, ಲುಂಗಿ ಸೊರಗಿದ ಸೊಂಟಕ್ಕೆ ನಿಲ್ಲದೆ ಒಂದು ಕೈಯಲ್ಲಿ ಹಿಡಿದುಕೊಂಡಿದ್ದ. ಐದು ತಿಂಗಳ ಮೇಲೆ ಅಪ್ಪ ಎಂದು ಕರೆದದ್ದಕ್ಕೆ ಸುಭಾಷನ ಕೈ ಎತ್ತಿದಲ್ಲೇ ನಿಂತಿತು.

"ಅವತ್ತು ನಾ ಮಲಗಿದ್ದೆ ಅಪ್ಪ. ಬರೀ ಮಲಗಿದ್ದೆ." ಅವನು ಒಂದೊಂದೇ ಮಾತನ್ನು ಎಳೆದು ತಂದವನಂತೆ ಹೇಳಿದ. "ಅಲ್ಲಿಂದ ಇಲ್ಲೀವರೆಗೆ ದಿನಾ ಐವತ್ತು ಸಲ ನೀವೆಲ್ಲ ಇಣುಕ್ತೀರಿ. ಹೆಜ್ಜೆ ಸಪ್ಪಳ ಕೇಳಿದ್ ಕೂಡ್ಲೇ ನಾ ಜೋರಾಗಿ ಉಸಿರಾಡ್ತೆ. ನೀವು ನೋಡಿ ಹೋಗ್ಲಿ ಹೇಳಿ. ನಂಗೆ ಸಾಕಾಯ್ತು. ಒಂದ್ ತಾಸು ಯಾರಿಗೂ ತೋರಿಸ್ದೇ ಉಸಿರಾಡ್ಬೇಕು ನಂಗೆ."

ಎಮಿಲಿ ಟವೆಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ದಿವ್ಯಾ ಗೋಡೆ ಕಡೆ ತಿರುಗಿದಳು.

"ನಂಗೆ ಹೆದ್ರಿಕೆ ಮಗಾ," ಅಂದ ಸುಭಾಷ. ಅಷ್ಟು ದೊಡ್ಡ ಗಂಡಸು, ಆ ಮಾತಿನ ಜತೆ ಅವನ ಮುಖ ಕುಸಿದುಹೋಯಿತು. "ನನ್ನ ಕೈಲಿ ಆಗೂದಿಲ್ಲೆ. ಇನ್ನೊಂದ್ಸಲ ಆ ಬಾಗ್ಲೆದುರು ನಿಲ್ಲೂಕೆ ಆಗೂದಿಲ್ಲೆ ನಂಗೆ."

ಚೌಡಮ್ಮ ಮೊಣಕಾಲು ಹಿಡಿದು ಎದ್ದಳು.

"ಸುಭಾಸಾ, ಚಿಲಕ ಹಾಕು."

"ಅವ್ವಾ, ನೀನೇ ಹಗಲು ಬಾಗ್ಲು—"

"ನಾಳೆ ಕೇಳಿದ್ರೆ ನಾನೂ ಬ್ಯಾಡ ಅಂತೆ. ಇವತ್ತು ಮನೆ ನಂದಲ್ಲ, ನಿಂದಲ್ಲ. ಇವಳದ್ದು. ಇಪ್ಪತ್ತಾರು ವರ್ಷದ ಕರಾರು, ಈ ಮುದುಕಿ ಬಾಯಿಂದ ಮುರಿಯೂದಿಲ್ಲೆ. ಎಮ್ಲೀ, ನೀ ಹೇಳು. ಹಾಕೂದನಾ, ಬ್ಯಾಡನಾ?"

ಎಲ್ಲರೂ ಎಮಿಲಿಯನ್ನು ನೋಡಿದರು. ಗಂಡ ಬೇಡವೆನ್ನು ಎಂದು ಕಣ್ಣಲ್ಲೇ ಬೇಡುತ್ತಿದ್ದ. ಮಗ ನೆಲ ನೋಡುತ್ತಿದ್ದ. ಇಷ್ಟು ವರ್ಷ ಈ ಮನೆಯಲ್ಲಿ ಒಂದು ದಿನದ ಯಜಮಾನಿಕೆ ಎಂದರೆ ಯಾವ ಮಾಂಸ ಮಾಡುವುದು, ಎಷ್ಟು ಜನರಿಗೆ ಕೇಕು ಕೊಡುವುದು ಎಂಬಷ್ಟೇ ಆಗಿತ್ತು. ಅದು ಇಷ್ಟು ಭಾರ ಎಂದು ಅವಳಿಗೆ ಗೊತ್ತಿರಲಿಲ್ಲ.

"ಹಾಕಿ," ಅಂದಳು.

ಸುಭಾಷ ಸ್ಕ್ರೂಡ್ರೈವರು ತಂದ. ಚೌಕಟ್ಟಿನ ಹಳೇ ಜಾಗ ಸೀಳಿಹೋಗಿತ್ತು, ಸ್ಕ್ರೂ ಹಿಡಿಯಲಿಲ್ಲ. ಎರಡು ಬೆರಳು ಮೇಲೆ ಹೊಸ ತೂತು ಕೊರೆದ. ಕೈ ನಡುಗಿ ಎರಡು ಸಲ ಜಾರಿತು. ಮೂರನೇ ಸಲ ಉಲ್ಲಾಸ ಬಂದು ಚಿಲಕವನ್ನು ಒತ್ತಿ ಹಿಡಿದ. ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡದೆ ನಾಲ್ಕು ಸ್ಕ್ರೂ ಬಿಗಿದರು.

"ಎಲ್ಲರೂ ಇಗರ್ಜಿಗೆ ಹೋಗಿ," ಅಂದ ಉಲ್ಲಾಸ. "ಅಮ್ಮನೂ ಹೋಗ್ಲಿ. ಪೂಜೆ ಮುಗ್ಸಿ ಬನ್ನಿ. ಊಟ ಒಟ್ಟಿಗೆ ಮಾಡ್ತೆ."

ಅವನು ಒಳಗೆ ಹೋದ. ಬಾಗಿಲು ಪೂರ್ತಿ ಮುಚ್ಚಿತು. ಹೊಸ ಚಿಲಕ ಕಿರ್ರನೆ ಜಾರಿ ಕೂತಿತು. ಸುಭಾಷ ಕಣ್ಣು ಮುಚ್ಚಿಕೊಂಡ.

ಆಟೋ ಬಂತು. ಚೌಡಮ್ಮ ಹತ್ತಿದಳು, ದಿವ್ಯಾ ಹತ್ತಿದಳು, ಸುಭಾಷ ಡ್ರೈವರನ ಪಕ್ಕ ಕೂತ. ಎಮಿಲಿ ರೇಷ್ಮೆ ಸೀರೆ ಉಟ್ಟು, ಕೈಯಲ್ಲಿ ಜಪಸರ ಹಿಡಿದು ಹತ್ತಿದಳು. ಓಣಿ ದಾಟಿ, ಬಸ್‌ಸ್ಟ್ಯಾಂಡಿನ ತಿರುವು ಬಂತು. ಅಲ್ಲಿ ಅವಳು ಆಟೋ ನಿಲ್ಲಿಸಿದಳು.

"ಮೇಣದ ಬತ್ತಿ ಮರ್ತೆ. ನೀವು ನಡೀರಿ, ನಾ ಹಿಂದಿಂದ ಬರ್ತೆ."

ಮೇಣದ ಬತ್ತಿಯ ಕಟ್ಟು ದಿವ್ಯಾಳ ಮಡಿಲಲ್ಲೇ ಇತ್ತು. ದಿವ್ಯಾ ಅದರ ಮೇಲೆ ವೇಲು ಎಳೆದುಕೊಂಡಳು. ಸುಭಾಷ ಹಿಂದೆ ತಿರುಗಿ ಹೆಂಡತಿಯನ್ನು ನೋಡಿದ, ಬೇಗ ಹೋಗು ಎಂಬಂತೆ ತಲೆಯಾಡಿಸಿದ.

ಎಮಿಲಿ ಸೀರೆ ಎತ್ತಿ ಹಿಡಿದು ಓಡಿದಂತೆಯೇ ನಡೆದಳು. ಹಿತ್ತಲ ಕಡೆಯಿಂದ ಒಳಗೆ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು, ಸಪ್ಪಳ ಮಾಡದೆ ಕೋಣೆಯ ಮುಂದೆ ನಿಂತಳು. ಬಾಗಿಲು ಮುಚ್ಚಿಯೇ ಇತ್ತು. ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ. ಹಬ್ಬದ ದಿನ, ಗಿರಣಿಯೂ ಸುಮ್ಮನಿತ್ತು. ಕರೆಯಲೇ ಅನ್ನಿಸಿತು. ಕರೆದರೆ ಕೊಟ್ಟದ್ದನ್ನು ಕೊಟ್ಟ ಕೈಯಿಂದಲೇ ಕಿತ್ತುಕೊಂಡಂತೆ. ಹೋಗೋಣವೆಂದರೆ ಕಾಲು ಏಳಲಿಲ್ಲ. ದೇವರೇ, ಒಂದು ಕೆಮ್ಮು ಕೇಳಿಸು, ಮಂಚದ ಸದ್ದಾದರೂ ಕೇಳಿಸು, ಹೋಗಿಬಿಡುತ್ತೇನೆ ಎಂದು ಜಪಸರದ ಮಣಿ ಒತ್ತಿ ಹಿಡಿದಳು. ಇಗರ್ಜಿಯ ಗಂಟೆ ದೂರದಲ್ಲಿ ಒಮ್ಮೆ ಹೊಡೆದು ನಿಂತಿತು.

"ಅಮ್ಮಾ," ಅಂದ ಉಲ್ಲಾಸ ಒಳಗಿನಿಂದ.

"ಹೂಂ."

"ನೀ ಹೋಗ್ಲಿಲ್ಲನಾ?"

"ಹೋದೆ," ಅಂದಳು ಎಮಿಲಿ, ಬಾಗಿಲಿಗೆ ಹಣೆ ಆನಿಸಿ ನಿಂತಲ್ಲೇ.